ಮಗಳ ಜೊತೆ ಹೊರಟುಹೋದ ನಂಬರ್: ಉಡುಪಿಯ ಒಂದು ಮನೆಯ ಪ್ರಕರಣ ಅಧ್ಯಯನ

ಉಡುಪಿ ತಾಲ್ಲೂಕಿನ ಒಂದು ಮನೆಯಲ್ಲಿ 2022ರ ನವೆಂಬರ್‌ನಿಂದ 2025ರ ಆರಂಭದವರೆಗೆ ನಡೆದ ಸಂಗತಿಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬ್ಯಾಂಕು, ಮೊಬೈಲ್ ಕಂಪೆನಿ, ಆಸ್ಪತ್ರೆ ಯಾವುದರ ಹೆಸರನ್ನೂ ಹೇಳಿಲ್ಲ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನೆರೆಕರೆಯವರಿಗೆ ಅರ್ಜಿ, ಫಾರ್ಮುಗಳನ್ನು ತುಂಬಿಕೊಡುವ ಅಭ್ಯಾಸ ಇರುವುದರಿಂದ ಈ ಮನೆಯ ಕೆಲಸವೂ ನನ್ನ ಬಳಿಗೆ ಬಂತು. ವಿದೇಶಕ್ಕೆ ಹೊರಡುವ ಮಕ್ಕಳಿರುವ ಮನೆಗಳು ನಮ್ಮ ಕರಾವಳಿಯಲ್ಲಿ ಬಹಳ ಇರುವುದರಿಂದ, ಇದನ್ನು ತಿಳಿಸುವುದು ಅಗತ್ಯವೆಂದು ಮನಸಾರೆ ನಂಬಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ಇಬ್ಬರೇ ಇದ್ದರು. ತಾಯಿಗೆ ಅರವತ್ತು ದಾಟಿದೆ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು, ಮೂವತ್ತು ವರ್ಷ ಬೀಡಿ ಕಟ್ಟಿ ಸಂಸಾರ ನಡೆಸಿದವರು. ಮಗಳು ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷ ಕೆಲಸ ಮಾಡಿ, ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆ ಪಾಸು ಮಾಡಿಕೊಂಡು 2022ರ ನವೆಂಬರ್‌ನಲ್ಲಿ ಜರ್ಮನಿಗೆ ಹೊರಟರು. ತಾಯಿಯ ತಂಗಿ, ಅಂದರೆ ಮಗಳಿಗೆ ಚಿಕ್ಕಮ್ಮ, ಎರಡು ಮನೆ ಆಚೆಗೆ ಇದ್ದಾರೆ.

ಮಗಳ ಬಳಿ ಹತ್ತು ವರ್ಷಗಳಿಂದ ಒಂದೇ ಮೊಬೈಲ್ ನಂಬರ್ ಇತ್ತು. ತಾಯಿಯ ಬಳಿಯೂ ಒಂದು ಕೀಪ್ಯಾಡ್ ಫೋನು ಇತ್ತು, ಅದಕ್ಕೆ ತಪ್ಪದೆ ರೀಚಾರ್ಜ್ ಆಗುತ್ತಿತ್ತು. ಆದರೆ ತಾಯಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಸಂಪರ್ಕ, ಜೀವವಿಮೆಯ ಪಾಲಿಸಿ, ಇವುಗಳಲ್ಲೆಲ್ಲ ನಮೂದಾಗಿದ್ದದ್ದು ಮಗಳ ನಂಬರ್. ಕಾರಣವನ್ನು ತಾಯಿಯೇ ನನಗೆ ಹೇಳಿದರು: "ಒಟಿಪಿ ಬಂದ್ರೆ ನನಗೆ ಓದ್ಲಿಕ್ಕೆ ಬರುದಿಲ್ಲಲ್ಲ ಸರ್, ಹಾಗೆ ಎಲ್ಲ ಕಡೆ ಅವಳದ್ದೇ ಕೊಟ್ಟದ್ದು." ಇದು ಈ ಒಂದು ಮನೆಯ ವಿಶೇಷವಲ್ಲ. ಮನೆಯಲ್ಲಿ ಓದಿದ ಮಗುವಿನ ನಂಬರನ್ನು ಎಲ್ಲರ ಕಾಗದಪತ್ರಗಳಿಗೂ ಕೊಡುವುದು ನಮ್ಮಲ್ಲಿ ರೂಢಿಯೇ ಆಗಿದೆ, ಮತ್ತು ಆ ಮಗು ಮನೆಯಲ್ಲಿರುವವರೆಗೆ ಅದರಿಂದ ಯಾವ ತೊಂದರೆಯೂ ಕಾಣುವುದಿಲ್ಲ.

ಹೊರಡುವ ಮೊದಲು ಮಗಳು 84 ದಿನಗಳ ರೀಚಾರ್ಜ್ ಮಾಡಿಸಿದ್ದರು. ಜರ್ಮನಿಯಲ್ಲಿ ಇಳಿದ ಮೂರನೆಯ ದಿನ ಅಲ್ಲಿನ ಪ್ರೀಪೇಯ್ಡ್ ಸಿಮ್ ತೆಗೆದುಕೊಂಡರು. ಆ ದೇಶದಲ್ಲಿ 2017ರಿಂದ ಪ್ರೀಪೇಯ್ಡ್ ಸಿಮ್‌ಗೂ ಗುರುತಿನ ದಾಖಲೆ ಕಡ್ಡಾಯ. ಪಾಸ್‌ಪೋರ್ಟ್ ತೋರಿಸಿ ವಿಡಿಯೊ ಮೂಲಕ ಗುರುತು ಖಚಿತಪಡಿಸಿಕೊಂಡು ಸಿಮ್ ಚಾಲೂ ಮಾಡಿಸಿಕೊಂಡರು. ಅಲ್ಲಿ ಅವರಿಗೆ ಇದಕ್ಕಿಂತ ಹೆಚ್ಚಿನ ತೊಡಕು ಬರಲಿಲ್ಲ. ಅವರ ಫೋನಿನಲ್ಲಿ ಒಂದೇ ಸಿಮ್‌ಗೆ ಜಾಗ ಇದ್ದುದರಿಂದ ಊರಿನ ಸಿಮ್ ತೆಗೆದು, ತಾಯಿ ಕಳಿಸಿದ್ದ ಕುಂಕುಮದ ಸಣ್ಣ ಸ್ಟೀಲ್ ಭರಣಿಯೊಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟರು. ಅದು ಮುಂದೆ ಹೊರಬಂದದ್ದು ಏಳು ತಿಂಗಳ ನಂತರ.

ಸಮಸ್ಯೆ ಕಾಣಿಸಿಕೊಂಡದ್ದು

ತೊಂದರೆ ಮೊದಲು ತಲೆದೋರಿದ್ದು ಜರ್ಮನಿಯಲ್ಲಲ್ಲ, ಉಡುಪಿಯಲ್ಲಿ. 2023ರ ಜೂನ್ 18ರಂದು ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆಯ ನೋಂದಣಿ ಆರಂಭವಾಯಿತು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಮೆಸ್ಕಾಂ ಬಿಲ್ಲಿನ ಸಂಖ್ಯೆಯ ಜೊತೆ ಆಧಾರ್ ಸಂಖ್ಯೆ ಕೊಟ್ಟರೆ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ತಾಯಿ ಚಿಕ್ಕಮ್ಮನ ಜೊತೆ ಸೇವಾ ಕೇಂದ್ರಕ್ಕೆ ಹೋಗಿ, ಅಲ್ಲಿಂದಲೇ ಮಗಳಿಗೆ ವಾಟ್ಸಾಪ್ ಕರೆ ಮಾಡಿ "ಈಗ ನಂಬರ್ ಬರ್ತದೆ, ಹೇಳು" ಎಂದರು. ಮಗಳು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರು ಎದ್ದು, ಭರಣಿಯಿಂದ ಸಿಮ್ ತೆಗೆದು ಫೋನಿಗೆ ಹಾಕಿದರು. ನೆಟ್‌ವರ್ಕ್ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮಗಳಿಗೆ ಇದು ನಂಬಲಾಗದ ಸಂಗತಿಯಾಗಿತ್ತು, ಏಕೆಂದರೆ ಅದೇ ನಂಬರಿನ ವಾಟ್ಸಾಪ್‌ನಲ್ಲಿ ಅವರು ಪ್ರತಿದಿನ ತಾಯಿಯ ಜೊತೆ, ಚಿಕ್ಕಮ್ಮನ ಫೋನಿನ ಮೂಲಕ, ಮುಖ ನೋಡಿ ಮಾತಾಡುತ್ತಿದ್ದರು. ಇಡೀ ಪ್ರಕರಣದ ಬೇರು ಇರುವುದು ಈ ಭಾವನೆಯಲ್ಲೇ. ವಾಟ್ಸಾಪ್ ನೋಂದಣಿಯ ಹೊತ್ತಿಗೆ ಮಾತ್ರ ಸಂದೇಶ ಕಳಿಸಿ ನಂಬರನ್ನು ಪರೀಕ್ಷಿಸಿತ್ತು; ಆಮೇಲೆ ಸಿಮ್ ಫೋನಿನಲ್ಲಿ ಇಲ್ಲದಿದ್ದರೂ, ನಂಬರ್ ರದ್ದಾಗಿದ್ದರೂ ಅದು ಇಂಟರ್‌ನೆಟ್ ಮೇಲೆ ನಡೆಯುತ್ತಲೇ ಇತ್ತು. ವಾಟ್ಸಾಪ್ ಜೀವಂತವಾಗಿರುವುದನ್ನು ನೋಡಿ ನಂಬರೂ ಜೀವಂತವಾಗಿದೆ ಎಂದು ಮಗಳು ತಿಳಿದದ್ದು ಸಹಜ. ಆದರೆ ಆ ತಿಳಿವಳಿಕೆಯೇ ಏಳು ತಿಂಗಳು ಯಾರೂ ಏನನ್ನೂ ಮಾಡದಂತೆ ಮಾಡಿತು.

ನಿಜವಾಗಿ ನಡೆದದ್ದು ಹೀಗೆ. ರೀಚಾರ್ಜ್ ಅವಧಿ 2023ರ ಫೆಬ್ರವರಿ ನಡುವಿನಲ್ಲಿ ಮುಗಿಯಿತು. ಕಂಪೆನಿ ಕಳಿಸಿರಬಹುದಾದ ಎಚ್ಚರಿಕೆಯ ಸಂದೇಶಗಳು ಭರಣಿಯಲ್ಲಿದ್ದ ಸಿಮ್‌ಗೆ ಮುಟ್ಟುವಂತಿರಲಿಲ್ಲ. ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಮಾಡಿದ ನಿಯಮದಂತೆ, 90 ದಿನ ಬಳಕೆಯೇ ಇಲ್ಲದ ಪ್ರೀಪೇಯ್ಡ್ ಸಂಪರ್ಕವನ್ನು ಕಂಪೆನಿ ರದ್ದು ಮಾಡಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಉಳಿದಿದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು. ರದ್ದಾದ ಮೇಲೂ 15 ದಿನಗಳೊಳಗೆ ಕೇಳಿದರೆ ಮರಳಿ ಚಾಲೂ ಮಾಡಿಕೊಡಬೇಕು. ಮಗಳು ಮಾಡಿಸಿದ್ದು ಪ್ಯಾಕ್ ರೀಚಾರ್ಜ್. ಅದರಿಂದ ಮುಖ್ಯ ಬ್ಯಾಲೆನ್ಸ್‌ಗೆ ಒಂದು ರೂಪಾಯಿಯೂ ಸೇರುವುದಿಲ್ಲ, ಆದ್ದರಿಂದ ಆ 20 ರೂಪಾಯಿಯ ರಕ್ಷಣೆ ಅವರಿಗೆ ಸಿಗಲಿಲ್ಲ. ಮೇ ತಿಂಗಳ ಕೊನೆಗೆ ನಂಬರ್ ರದ್ದಾಯಿತು. 15 ದಿನಗಳ ಗಡುವು ದಾಟಿ ಹತ್ತು ದಿನವಾದ ಮೇಲೆ ಮನೆಯವರಿಗೆ ವಿಷಯ ತಿಳಿಯಿತು.

ಮೊದಲ ಮೂರು ವಾರಗಳ ಪ್ರಯತ್ನ

ಮನೆಯವರು ಸಹಜವಾಗಿಯೇ ನಂಬರನ್ನು ಮರಳಿ ಪಡೆಯಲು ಹೊರಟರು. ಮಗಳ ಯುಪಿಐ ಅದೇ ಸಿಮ್‌ಗೆ ಕಟ್ಟಿಕೊಂಡಿದ್ದರಿಂದ ಅಲ್ಲಿಂದ ರೀಚಾರ್ಜ್ ಆಗಲಿಲ್ಲ. ಮಂಗಳೂರಿನಲ್ಲಿದ್ದ ಸಂಬಂಧಿಕರೊಬ್ಬರು ಪ್ರಯತ್ನಿಸಿದಾಗ ನಂಬರೇ ಅಸ್ತಿತ್ವದಲ್ಲಿಲ್ಲ ಎಂದು ಬಂತು. ಬಳಿಕ ತಾಯಿ ಮತ್ತು ಚಿಕ್ಕಮ್ಮ ಮೊಬೈಲ್ ಕಂಪೆನಿಯ ಮಳಿಗೆಗೆ ಎರಡು ಸಲ ಹೋದರು. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕು, ಬಂದರೂ ಈಗ ಗಡುವು ಮೀರಿದೆ ಎಂಬ ಉತ್ತರ ಸಿಕ್ಕಿತು. ತಾಯಿಗೆ ಇದರಿಂದ ಬಹಳ ನೋವಾಯಿತು. ಹೆತ್ತವಳು ಹೋಗಿ ಕೇಳಿದರೂ ಕೊಡುವುದಿಲ್ಲವಲ್ಲ ಎಂದು ನನ್ನ ಮುಂದೆ ಕಣ್ಣೀರು ಹಾಕಿದರು. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಮಳಿಗೆಯವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಬೇರೆಯವರ ನಂಬರನ್ನು ತಮ್ಮ ಕೈಗೆ ಬರಿಸಿಕೊಂಡು ಬ್ಯಾಂಕ್ ಖಾತೆ ಬರಿದು ಮಾಡಿದವರನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ. ನಂಬಿಕೆಯ ಮೇಲೆ ಸಿಮ್ ಕೊಡುವಂತಾದರೆ ಯಾರ ಹಣವೂ ಉಳಿಯುವುದಿಲ್ಲ.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದರಲ್ಲಿ, ಸ್ವಲ್ಪ ದಿನ ಕಾದು ಅದೇ ನಂಬರನ್ನು ಚಿಕ್ಕಮ್ಮನ ಹೆಸರಿನಲ್ಲಿ ತೆಗೆಸಿಕೊಡುತ್ತೇವೆ ಎಂಬ ಭರವಸೆಯೂ ಸಿಕ್ಕಿತ್ತು. ಮನೆಯವರು ನನ್ನ ಬಳಿ ಬಂದದ್ದು ಇದಕ್ಕೆ ಮುಂಗಡ ಕೊಡಬೇಕೋ ಬೇಡವೋ ಎಂದು ಕೇಳಲು, 2023ರ ಜುಲೈ ಎರಡನೆಯ ವಾರದಲ್ಲಿ.

ದಿಕ್ಕು ಬದಲಾದದ್ದು

ರದ್ದಾದ ನಂಬರನ್ನು ಕನಿಷ್ಠ 90 ದಿನ ಬೇರೆ ಯಾರಿಗೂ ಕೊಡುವಂತಿಲ್ಲ. ಆ ಬಳಿಕ ಅದು ಕರ್ನಾಟಕ ವಲಯದ ಯಾರ ಪಾಲಿಗೂ ಹೋಗಬಹುದು. ಈ ಮಾತನ್ನು ವಿವರಿಸುತ್ತಿದ್ದಾಗ ನಾವು ಇಡೀ ವಿಷಯವನ್ನು ತಿರುವಿ ಹಾಕಿ ನೋಡಬೇಕಾಗಿದೆ ಎಂದು ನನಗೆ ಹೊಳೆಯಿತು. ನಂಬರನ್ನು ಹೇಗೆ ಮರಳಿ ತರುವುದು ಎಂದು ಮೂರು ವಾರ ಯೋಚಿಸಿದ್ದರು. ಆದರೆ ಆಗಸ್ಟ್ ಕೊನೆಯ ನಂತರ ಯಾವ ದಿನವಾದರೂ ಆ ನಂಬರ್ ಅಪರಿಚಿತರ ಕೈಸೇರಬಹುದು, ಅಷ್ಟರೊಳಗೆ ಈ ಮನೆಯ ಯಾವ ಕಾಗದದಲ್ಲೂ ಅದು ಉಳಿಯಬಾರದು ಎಂಬುದು ಅದಕ್ಕಿಂತ ತುರ್ತಿನ ಕೆಲಸವಾಗಿತ್ತು. ಮುಂಗಡ ಕೊಡಬೇಡಿ ಎಂದೆ. ಮಗಳು ಅಂದು ರಾತ್ರಿ ನನ್ನೊಂದಿಗೆ ಮುಕ್ಕಾಲು ಗಂಟೆ ಮಾತಾಡಿ, ಹತ್ತು ವರ್ಷದ ನಂಬರನ್ನು ಬಿಟ್ಟುಬಿಡಲು ಕಷ್ಟಪಟ್ಟು ಒಪ್ಪಿದರು.

ಎರಡನೆಯ ನಿರ್ಧಾರ ತಾಯಿಯದು. ಅವರ ಕಾಗದಪತ್ರಗಳಿಗೆ ಈಗ ಯಾರ ನಂಬರ್ ಕೊಡುವುದು ಎಂಬ ಪ್ರಶ್ನೆ ಬಂದಾಗ ಚಿಕ್ಕಮ್ಮ ತಮ್ಮದನ್ನು ಕೊಡಲು ಮುಂದಾದರು. ಹಾಗೆ ಮಾಡಿದ್ದರೆ ಅದೇ ತಪ್ಪು ಇನ್ನೊಂದು ಮನೆಗೆ ಹೋಗುತ್ತಿತ್ತು. ನಾನು ತಾಯಿಯ ಕೀಪ್ಯಾಡ್ ಫೋನನ್ನು ಕೈಗೆ ತೆಗೆದುಕೊಂಡು, ನನ್ನ ಫೋನಿನಿಂದ ಅದಕ್ಕೆ ಆರು ಅಂಕಿಗಳ ಒಂದು ಸಂದೇಶ ಕಳಿಸಿದೆ. ಪರದೆಯ ಮೇಲೆ ಸಣ್ಣ ಲಕೋಟೆಯ ಚಿತ್ರ ಬಂತು. ನಡುವಿನ ಗುಂಡಿ ಒತ್ತಿದರೆ ಸಂದೇಶ ತೆರೆಯುತ್ತದೆ ಎಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಫೋನನ್ನು ಜಗಲಿಯ ಬೆಳಕಿಗೆ ಓರೆಯಾಗಿ ಹಿಡಿದು, ಮೊದಲು ಮೂರು ಅಂಕಿ, ಸ್ವಲ್ಪ ತಡೆದು ಮತ್ತೆ ಮೂರು ಅಂಕಿ ಓದಿದರು. ಸರಿಯಾಗಿತ್ತು. ಬೀಡಿ ಲೆಕ್ಕದ ಪುಸ್ತಕವನ್ನು ಮೂವತ್ತು ವರ್ಷ ತಾವೇ ನೋಡಿಕೊಂಡವರಿಗೆ ಆರು ಅಂಕಿ ಓದಲು ಬಾರದು ಎಂದು ನಾವೆಲ್ಲ, ಅವರನ್ನೂ ಸೇರಿಸಿ, ಇಷ್ಟು ವರ್ಷ ಹೇಗೆ ನಂಬಿಕೊಂಡಿದ್ದೆವು ಎಂದು ಆ ಹೊತ್ತು ನನಗೆ ಬಹಳ ಬೇಸರವಾಯಿತು.

ಜೊತೆಗೆ ಒಂದು ಕಟ್ಟುನಿಟ್ಟಿನ ಮಾತನ್ನೂ ಹೇಳಿಕೊಟ್ಟೆವು: ನಾವು ಹೋದ ಕಡೆ, ನಾವು ಕೇಳಿದ ಕೆಲಸಕ್ಕೆ, ಎದುರು ಕೂತವರಿಗೆ ಮಾತ್ರ ಒಟಿಪಿ ಹೇಳಬಹುದು, ನಮಗೆ ಬಂದ ಕರೆಗೆ, ಅದು ಬ್ಯಾಂಕಿನಿಂದ ಎಂದರೂ, ಹೇಳಬಾರದು. ತಾಯಿ ಇದನ್ನು ಈಗಲೂ ತಪ್ಪದೆ ಪಾಲಿಸುತ್ತಾರೆ.

ಕಾಗದಗಳಿಂದ ನಂಬರ್ ಬಿಡಿಸಿದ್ದು

ಮೊದಲು ಆಧಾರ್. ಮೊಬೈಲ್ ನಂಬರ್ ಬದಲಿಸಲು ಬೇರೆ ದಾಖಲೆ ಬೇಕಿರಲಿಲ್ಲ, ಆದರೆ ಆಗ ವ್ಯಕ್ತಿ ತಾನೇ ಹೋಗಿ ಬಯೊಮೆಟ್ರಿಕ್ ಕೊಡಬೇಕಿತ್ತು. ಆಗ ಶುಲ್ಕ 50 ರೂಪಾಯಿ. ಅಂಚೆ ಕಚೇರಿಯ ಆಧಾರ್ ಕೌಂಟರ್‌ನಲ್ಲಿ ತಾಯಿಯ ಬೆರಳಚ್ಚು ನಾಲ್ಕು ಸಲ ಒತ್ತಿದರೂ ಸಿಗಲಿಲ್ಲ, ಬೀಡಿ ಎಲೆ ಸುರುಟಿ ಸುರುಟಿ ಬೆರಳ ತುದಿಗಳು ಸವೆದುಹೋಗಿದ್ದವು. ಅಲ್ಲಿನ ಸಿಬ್ಬಂದಿ ತಾಳ್ಮೆಯಿಂದ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡಿ ಕೆಲಸ ಮುಗಿಸಿಕೊಟ್ಟರು. ಐದು ದಿನಗಳಲ್ಲಿ ಹೊಸ ನಂಬರ್ ಜೋಡಣೆಯಾಯಿತು, ಅದೇ ವಾರ ಗೃಹಜ್ಯೋತಿ ನೋಂದಣಿಯೂ ಆಯಿತು. ಜುಲೈ 19ರಂದು ಗೃಹಲಕ್ಷ್ಮಿ ಅರ್ಜಿಗಳು ಆರಂಭವಾದಾಗ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಮೂರರ ಜೋಡಣೆಯೂ ಸರಿಯಾಗಿದ್ದುದರಿಂದ ತಿಂಗಳಿಗೆ 2,000 ರೂಪಾಯಿಯ ಆ ಅರ್ಜಿಗೆ ತೊಡಕಾಗಲಿಲ್ಲ. ಬ್ಯಾಂಕ್ ಶಾಖೆಯಲ್ಲಿ ಒಂದು ಅರ್ಜಿ, ಗ್ಯಾಸ್ ಏಜೆನ್ಸಿಯಲ್ಲಿ ಒಂದು ಅರ್ಜಿ, ಅವೆರಡೂ ಒಂದೇ ಬೆಳಿಗ್ಗೆ ಮುಗಿದವು.

ಮಗಳದ್ದು ಇಷ್ಟು ಸುಲಭವಿರಲಿಲ್ಲ. ಉದ್ಯೋಗಕ್ಕೆಂದು ವಿದೇಶದಲ್ಲಿ ನೆಲೆಸಿದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆಯಾಗಿ ಬದಲಿಸಿಕೊಳ್ಳಬೇಕೆಂಬುದು ವಿದೇಶಿ ವಿನಿಮಯದ ಫೆಮಾ ಕಾನೂನಿನ ನಿಯಮ. ಮಗಳು ಅದನ್ನು ಮಾಡಿರಲಿಲ್ಲ. ನಂಬರ್ ಹೋದದ್ದರಿಂದಲೇ ಈ ಲೋಪ ಬೆಳಕಿಗೆ ಬಂತು ಎನ್ನಬೇಕು. ಪಾಸ್‌ಪೋರ್ಟ್, ವೀಸಾ ಪ್ರತಿಗಳನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಅಂಚೆಯಲ್ಲಿ ಕಳಿಸಿದ ಮೇಲೆ, ಬ್ಯಾಂಕು ಖಾತೆಯನ್ನು ಎನ್‌ಆರ್‌ಒ ಮಾಡಿ ಅವರ ಜರ್ಮನ್ ನಂಬರನ್ನೇ ದಾಖಲಿಸಿಕೊಂಡಿತು. ಇದಕ್ಕೆ ಏಳು ವಾರ ಹಿಡಿಯಿತು. ಯುಪಿಐ ಮಾತ್ರ ಸಿಗಲಿಲ್ಲ. ಅನಿವಾಸಿಗಳ ವಿದೇಶಿ ನಂಬರಿಗೆ ಯುಪಿಐ ಕೊಡಲು 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಅನುಮತಿಸಿದ್ದ ಹತ್ತು ದೇಶಗಳಲ್ಲಿ ದುಬೈ ಇರುವ ಯುಎಇ, ಸೌದಿ ಅರೇಬಿಯಾ, ಕತಾರ್, ಒಮಾನ್, ಅಮೆರಿಕ, ಬ್ರಿಟನ್‌ಗಳಿದ್ದವು, ಜರ್ಮನಿ ಇರಲಿಲ್ಲ. ಆದ್ದರಿಂದ ನೆಟ್ ಬ್ಯಾಂಕಿಂಗ್‌ನಲ್ಲೇ ಕೆಲಸ ಸಾಗಿಸಬೇಕಾಯಿತು.

ಮಗಳ ಸ್ವಂತ ಆಧಾರ್‌ಗೆ ದಾರಿಯೇ ಇರಲಿಲ್ಲ. ವಿದೇಶಿ ನಂಬರನ್ನು ಆಧಾರ್ ಆಗ ಸ್ವೀಕರಿಸುತ್ತಿರಲಿಲ್ಲ, ಭಾರತೀಯ ನಂಬರ್ ಜೋಡಿಸಲು ಅವರೇ ಇಲ್ಲಿಗೆ ಬರಬೇಕಿತ್ತು. ಹಳೆಯ ಕೆಲಸದ ಭವಿಷ್ಯನಿಧಿಯ ಹಣ ಹಿಂಪಡೆಯುವ ಆನ್‌ಲೈನ್ ಅರ್ಜಿಗೆ ಆಧಾರ್ ಒಟಿಪಿ ಬೇಕಾದ್ದರಿಂದ ಆರು ವರ್ಷಗಳ ಆ ಉಳಿತಾಯ ಹಾಗೆಯೇ ಕೂತಿತು.

ಅಕ್ಟೋಬರ್‌ನ ಒಂದು ಸಂಜೆ

ಎಲ್ಲವನ್ನೂ ಬಿಡಿಸಿದ್ದೇವೆ ಎಂದು ನಾವು ನೆಮ್ಮದಿಯಿಂದ ಇದ್ದೆವು. ಆದರೆ ವಾಟ್ಸಾಪ್ ಉಳಿದಿತ್ತು, ಮತ್ತು ಅದು ಉಳಿದದ್ದಕ್ಕೆ ನಾನೂ ಹೊಣೆ. ಚೆನ್ನಾಗಿ ನಡೆಯುತ್ತಿದ್ದುದರಿಂದ ಅದನ್ನು ಯಾರೂ ಪಟ್ಟಿಗೆ ಸೇರಿಸಲಿಲ್ಲ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಮಗಳ ವಾಟ್ಸಾಪ್ ತಾನಾಗಿ ಮುಚ್ಚಿಕೊಂಡಿತು. ಮರಳಿ ತೆರೆಯಲು ಬೇಕಾದ ಸಂದೇಶ ಹಳೆಯ ನಂಬರಿಗೇ ಹೋಗುತ್ತಿತ್ತು. ಅಷ್ಟರಲ್ಲಿ ಚಿಕ್ಕಮ್ಮ, ಮಗಳು ತಾನು ಹಣ ಕಳಿಸಲೆಂದು ಕೇಳಿದ್ದರಿಂದ, ತಾಯಿಯ ಪಾಸ್‌ಬುಕ್ಕಿನ ಮೊದಲ ಪುಟದ ಮತ್ತು ರಕ್ತಪರೀಕ್ಷೆಯ ವರದಿಯ ಫೋಟೊಗಳನ್ನು ಆ ನಂಬರಿಗೆ ಕಳಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದೇ ನಂಬರಿನಿಂದ ಕರೆ ಬಂತು: "ಅಕ್ಕಾರ, ಈ ನಂಬರ್ ಈಗ ನಂದೈತ್ರಿ. ನೀವು ಯಾರಿಗೋ ಕಳಸೂದು ನನಗ ಬಂದೈತಿ, ಅಳಿಸಿಬಿಟ್ಟೇನಿ." ಉತ್ತರ ಕರ್ನಾಟಕದ ಒಬ್ಬ ಚಾಲಕರು. ಹಿಂದಿನ ವಾರ ಹೊಸ ಸಿಮ್ ತೆಗೆದುಕೊಂಡವರು. ಆ ಮನುಷ್ಯನ ಒಳ್ಳೆಯತನದಿಂದ ಮನೆಗೆ ಯಾವ ಹಾನಿಯೂ ಆಗಲಿಲ್ಲ, ಮತ್ತು ಆ ಉಪಕಾರವನ್ನು ಈ ಮನೆಯವರು ಇಂದಿಗೂ ನೆನೆಯುತ್ತಾರೆ.

ನಂಬರ್ ಬದಲಿಸುವ ಸೌಲಭ್ಯ ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲೇ ಇದೆ. ಹೊಸ ನಂಬರಿಗೆ ಸಂದೇಶ ಬಂದರೆ ಸಾಕು. ಹಳೆಯ ಖಾತೆ ತೆರೆದಿರುವಾಗಲೇ ಮಾಡಿದರೆ ಗುಂಪುಗಳು, ಸಂದೇಶಗಳು ಎಲ್ಲ ಹೊಸ ನಂಬರಿಗೆ ಬರುತ್ತವೆ. ಜುಲೈನಲ್ಲಿ ಎರಡು ನಿಮಿಷದಲ್ಲಿ ಆಗಬಹುದಾಗಿದ್ದ ಕೆಲಸ ಅದು. ಅಕ್ಟೋಬರ್‌ನಲ್ಲಿ ಜರ್ಮನ್ ನಂಬರಿನಿಂದ ಹೊಸದಾಗಿ ಆರಂಭಿಸಿ, ನೆಂಟರಿಷ್ಟರಿಗೆಲ್ಲ ಒಬ್ಬೊಬ್ಬರಾಗಿ ತಿಳಿಸಬೇಕಾಯಿತು.

ರಜೆಯಲ್ಲಿ ಬಂದಾಗ, ಮತ್ತು ಇದರಿಂದ ಕಲಿತದ್ದು

2025ರ ಫೆಬ್ರವರಿಯಲ್ಲಿ ಮಗಳು ಮೂರು ವಾರದ ರಜೆಗೆ ಬಂದರು. ಎರಡು ಸಿಮ್‌ಗೆ ಅವಕಾಶವಿರುವ ಫೋನ್ ತಂದಿದ್ದರು. ಹೊಸ ಸಿಮ್ ತೆಗೆದುಕೊಂಡು ಮೊದಲ ವಾರದಲ್ಲೇ ಆಧಾರ್‌ಗೆ ಜೋಡಿಸಿದರು, ಎರಡನೆಯ ವಾರ ಭವಿಷ್ಯನಿಧಿಯ ಅರ್ಜಿ ಸಲ್ಲಿಸಿದರು. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಕೊಡಬೇಕು, ಅವುಗಳ ಅವಧಿ 365 ದಿನಗಳವರೆಗೂ ಇರಬಹುದು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿತ್ತು. ಹಾಗಾಗಿ ಡೇಟಾ ಇಲ್ಲದ ಒಂದು ವರ್ಷದ ಪ್ಯಾಕ್ ಸಿಕ್ಕಿತು. ದೂರದಲ್ಲಿರುವವರಿಗೆ ಇದು ನಿಜವಾಗಿ ಉಪಕಾರಿಯಾದ ಬದಲಾವಣೆ.

ಕೆಲಸಗಳನ್ನು ಮೊದಲ ವಾರದಲ್ಲೇ ಮಾಡಿ ಎಂದು ನಾನು ಒತ್ತಾಯಿಸಿದ್ದಕ್ಕೆ ಕಾರಣವಿದೆ. ಕಳೆದುಹೋದ ಸಿಮ್‌ನ ಬದಲಿ ಸಿಮ್ ತೆಗೆದುಕೊಂಡರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದಿಲ್ಲ. 2024ರ ಜುಲೈ 1ರಿಂದ ಬದಲಿ ಸಿಮ್ ಪಡೆದ ಏಳು ದಿನ ಬೇರೆ ಕಂಪೆನಿಗೆ ಪೋರ್ಟ್ ಮಾಡಲೂ ಆಗುವುದಿಲ್ಲ. ಇವೆರಡೂ ವಂಚನೆ ತಡೆಯಲು ಮಾಡಿದ ನಿಯಮಗಳು, ಒಳ್ಳೆಯವೇ. ಆದರೆ ಮಂಗಳೂರಿನಿಂದ ವಿಮಾನ ಹತ್ತುವ ಹಿಂದಿನ ದಿನ ಮಳಿಗೆಗೆ ಹೋದವರು ಏನೂ ಆಗದೆ ಹಿಂದಿರುಗಬೇಕಾಗುತ್ತದೆ. ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನೂ ಇಲ್ಲಿರುವಾಗಲೇ ಚಾಲೂ ಮಾಡಿಸಿಕೊಳ್ಳಬೇಕು. ಅಲ್ಲಿ ಹೋದ ಮೇಲೆ ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿ, ಬರುವ ಕರೆಗಳನ್ನು ಎತ್ತದೆ, ಎಸ್‌ಎಂಎಸ್‌ಗೆ ಮಾತ್ರ ಬಳಸಿದರೆ ಖರ್ಚು ಬಹಳ ಕಡಿಮೆ. ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ಮಾತು: ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಆದ್ದರಿಂದ ಅಲ್ಲಿ ಫೋನ್ ಕೊಳ್ಳುವ ಯೋಚನೆಯಿದ್ದರೆ ಊರಿನ ಸಿಮ್ಮನ್ನು ಹೊರಡುವ ಮೊದಲೇ ಇಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಸಿಕೊಳ್ಳಬೇಕು.

ಇದೆಲ್ಲಕ್ಕಿಂತ ಹೆಚ್ಚಾಗಿ ನಾನು ಈಗ ವಿದೇಶಕ್ಕೆ ಹೊರಟವರ ಮನೆಯವರನ್ನು ಕೂರಿಸಿಕೊಂಡು ಮೊದಲು ಕೇಳುವುದು, ಹೊರಡುವವರ ನಂಬರ್ ಉಳಿದವರ ಯಾವ ಯಾವ ಕಾಗದದಲ್ಲಿದೆ ಎಂದು. ಪಾಸ್‌ಬುಕ್, ಗ್ಯಾಸ್ ಪುಸ್ತಕ, ಪಾಲಿಸಿ, ಆಧಾರ್ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ಅದು ತಿಳಿಯುತ್ತದೆ. ನೆನಪಿನಿಂದ ಹೇಳಿದ ಪಟ್ಟಿಯಲ್ಲಿ ಅರ್ಧವೂ ಇರುವುದಿಲ್ಲ. ಈ ಮನೆಯಲ್ಲಿಯೇ ತಾಯಿಯ ಜೀವವಿಮೆಯ ಪಾಲಿಸಿಯನ್ನು 2025ರಲ್ಲಿ ಮಗಳು ಕಪಾಟು ತೆಗೆದಾಗಲೇ ನಾವು ಕಂಡದ್ದು. ಅದರಲ್ಲಿ ಇನ್ನೂ ಹಳೆಯ ನಂಬರೇ ಇತ್ತು. ಅಂದೇ ಅರ್ಜಿ ಬರೆದು ಬದಲಿಸಿದೆವು.

ಹೊಸ ಸಿಮ್ ಬಳಕೆಯಲ್ಲಿರಬೇಕು, ಕೆಲಸ ಮಾಡುತ್ತಿದೆಯೇ ಎಂಬುದೂ ತಿಳಿಯುತ್ತಿರಬೇಕು ಎಂದು ಮಗಳು ಒಂದು ಕ್ರಮ ಮಾಡಿಕೊಂಡಿದ್ದಾರೆ. ಹೊರಹೋಗುವ ಎಸ್‌ಎಂಎಸ್ ಕೂಡ ನಿಯಮದ ಪ್ರಕಾರ ಬಳಕೆಯೇ. ಮುಖ್ಯ ಬ್ಯಾಲೆನ್ಸ್‌ನಲ್ಲಿ ಸ್ವಲ್ಪ ಹಣ ಇರಿಸಿಕೊಂಡು, ಪ್ರತಿ ತಿಂಗಳ ಸಂಕ್ರಮಣದಂದು ಆ ಸಿಮ್‌ನಿಂದ ತಾಯಿಯ ಕೀಪ್ಯಾಡ್ ಫೋನಿಗೆ ಒಂದು ಸಂದೇಶ ಕಳಿಸುತ್ತಾರೆ. ತಾಯಿ ದೇವರಿಗೆ ದೀಪ ಹಚ್ಚಿ ಬಂದು ಲಕೋಟೆಯ ಚಿತ್ರ ಬಂದಿದೆಯೇ ನೋಡುತ್ತಾರೆ, ಬಂದಿಲ್ಲದಿದ್ದರೆ ಚಿಕ್ಕಮ್ಮನ ಮನೆಗೆ ಹೋಗಿ ವಾಟ್ಸಾಪ್‌ನಲ್ಲಿ ಮಗಳಿಗೆ ತಿಳಿಸುತ್ತಾರೆ.